ಜೇನಿಗೆ ಒಂದು ಸುತ್ತಿನ ಹೂವೇ ಸಾಕು

ಗುಲಾಬಿ ಗಿಡದ ಎಲೆಯಂಚಿನಲ್ಲಿ ಕೈವಾರ ಇಟ್ಟು ಕೊಯ್ದಂತೆ ಅರ್ಧಚಂದ್ರದ ಕಚ್ಚುಗಳು. ಬೆಳಿಗ್ಗೆ ಒಂದು ಎಲೆಯಲ್ಲಿ ಕಂಡದ್ದು ಸಂಜೆಯ ಹೊತ್ತಿಗೆ ನಾಲ್ಕೈದು ಎಲೆಗೆ ಹಬ್ಬಿರುತ್ತದೆ. ಗಾಬರಿಯಾಗಿ ಎಲೆ ಕಿತ್ತುಕೊಂಡು ನರ್ಸರಿಗೆ ಹೋದರೆ ‘ಹುಳ ಬಿದ್ದಿದೆ, ಇದನ್ನು ನೀರಿಗೆ ಬೆರೆಸಿ ಹೊಡೀರಿ’ ಎಂದು ಪುಟ್ಟ ಬಾಟಲಿಯೊಂದನ್ನು ಕೈಗಿಡುತ್ತಾರೆ. ಕಂಬಳಿಹುಳು ತಿಂದ ಎಲೆ ಇಷ್ಟು ಅಚ್ಚುಕಟ್ಟಾಗಿ ಇರುವುದಿಲ್ಲ ಎಂಬುದನ್ನು ಕೊಡುವವರೂ ನೋಡುವುದಿಲ್ಲ, ಕೊಳ್ಳುವವರೂ ನೋಡುವುದಿಲ್ಲ.

ಕತ್ತರಿಸಿದ್ದು ಒಂದು ಜೇನು. ಗೂಡು ಕಟ್ಟಿ ಸಂಸಾರ ಹೂಡುವ ಜಾತಿಯದಲ್ಲ, ಒಂಟಿಯಾಗಿ ಬದುಕುವ ಎಲೆಕತ್ತರಿ ಜೇನು. ಎಲೆಯನ್ನು ಅದು ತಿನ್ನುವುದಿಲ್ಲ. ಕತ್ತರಿಸಿದ ಚೂರನ್ನು ಹೊಟ್ಟೆಯಡಿ ಮಡಚಿ ಹಿಡಿದು ಯಾವುದೋ ಪೊಳ್ಳು ಕಡ್ಡಿಗೋ ಗೋಡೆಯ ಮೊಳೆ ತೂತಿಗೋ ಒಯ್ಯುತ್ತದೆ. ಅಲ್ಲಿ ಎಲೆಯ ಚೂರುಗಳಿಂದಲೇ ಬೆರಳಿನ ತುದಿಯಷ್ಟು ಕೋಣೆ ಕಟ್ಟಿ, ಪರಾಗಕ್ಕೆ ಮಕರಂದ ಕಲಸಿ ಉಂಡೆ ಮಾಡಿಟ್ಟು, ಅದರ ಮೇಲೊಂದು ಮೊಟ್ಟೆಯಿಟ್ಟು, ಮತ್ತೆ ಎಲೆಯಿಂದಲೇ ಬಾಗಿಲು ಮುಚ್ಚುತ್ತದೆ. ಅದರ ಮುಂದೆ ಇನ್ನೊಂದು ಕೋಣೆ. ಗುಲಾಬಿಗೆ ಇದರಿಂದ ನಾಲ್ಕು ಎಲೆಯ ಅಂಚು ಹೋಗುತ್ತದೆಯೇ ಹೊರತು ಗಿಡಕ್ಕೇನೂ ಆಗುವುದಿಲ್ಲ. ಅಂಗಳದ ಹೂವಿಗೆ ಜೇನು ಬರಲೆಂದು ಆಸೆಪಡುವವರು ಮೊದಲು ಗುರುತಿಸಿಕೊಳ್ಳಬೇಕಾದದ್ದು ಈ ಕಚ್ಚನ್ನು. ಅತಿಥಿ ಆಗಲೇ ಮನೆಗೆ ಬಂದಿದ್ದಾಳೆ, ನಾವು ಔಷಧಿ ಬಾಟಲಿ ಹಿಡಿದು ನಿಂತಿದ್ದೇವೆ.

ಜೇನಿಗೆಂದು ಹೂ ಬೆಳೆಸುವ ಹುಮ್ಮಸ್ಸು ಈಗ ಪೇಟೆಯ ಟೆರೇಸುಗಳಿಗೂ ಹಬ್ಬಿದೆ. ತೊಂದರೆ ಏನೆಂದರೆ, ಈ ಕುರಿತು ಸಿಗುವ ಪಟ್ಟಿಗಳೆಲ್ಲ ಚಳಿ ದೇಶದವು. ಲ್ಯಾವೆಂಡರ್ ನೆಡಿ, ಬೋರೇಜ್ ನೆಡಿ, ಕ್ರೋಕಸ್ ನೆಡಿ. ಕ್ರೋಕಸ್ಸಿನ ಗೆಡ್ಡೆಗೆ ಹೂ ಬಿಡಲು ಚಳಿಗಾಲವೇ ಬೇಕು, ನಮ್ಮಲ್ಲಿ ಅದು ಎಲ್ಲಿಂದ ಬರಬೇಕು? ಬೆಂಗಳೂರಿನಲ್ಲಿ ಲ್ಯಾವೆಂಡರ್ ಹೇಗೋ ಒಂದೆರಡು ವರ್ಷ ಜೀವ ಹಿಡಿದೀತು, ಉಡುಪಿಯ ಮಳೆಗೆ ಬೇರು ಕೊಳೆತು ಆಟಿ ತಿಂಗಳಿಗೇ ಮುಗಿಯುತ್ತದೆ. ನಮ್ಮ ಜೇನುಗಳಿಗೆ ಅದರ ಅಗತ್ಯವೂ ಇಲ್ಲ. ಅಜ್ಜಿಯರ ಕಾಲದ ಅಂಗಳದಲ್ಲಿ ಇದ್ದದ್ದರಲ್ಲಿ ಅರ್ಧ ಜೇನಿನ ಗಿಡಗಳೇ. ನರ್ಸರಿಗಳ ಹೊಸ ಬೆಡಗಿಗೆ ಮರುಳಾಗಿ ಅವನ್ನೆಲ್ಲ ಒಂದೊಂದಾಗಿ ಹೊರಹಾಕಿದವರು ನಾವು.

ಸುತ್ತು ಹೆಚ್ಚಾದಂತೆ

ಏಳು ಸುತ್ತಿನ ಮಲ್ಲಿಗೆ ಎಂದರೆ ನಮ್ಮಲ್ಲಿ ಹೆಮ್ಮೆ. ಎಸಳಿನ ಸುತ್ತು ಹೆಚ್ಚಿದಷ್ಟೂ ಹೂ ದೊಡ್ಡದು, ಬೆಲೆಯೂ ಹೆಚ್ಚು. ಈ ಲೆಕ್ಕವನ್ನು ನರ್ಸರಿಗಳು ಎಲ್ಲ ಹೂವಿಗೂ ಹಚ್ಚಿವೆ. ದಾಸವಾಳಕ್ಕೆ ಹತ್ತಾರು ಎಸಳು, ಪೆಟೂನಿಯಕ್ಕೆ ನೆರಿಗೆ, ಚೆಂಡುಹೂ ನಿಜಕ್ಕೂ ಚೆಂಡೇ. ಕಡೆಗೆ ಶಂಖಪುಷ್ಪವನ್ನೂ ಬಿಡಲಿಲ್ಲ, ಅದರಲ್ಲೂ ಗುಲಾಬಿಯ ಹಾಗೆ ಸುರುಳಿ ಸುತ್ತಿಕೊಂಡ ತಳಿ ಬಂದಿದೆ.

ಆ ಹೆಚ್ಚುವರಿ ಎಸಳುಗಳು ಬಂದದ್ದೆಲ್ಲಿಂದ? ದಾಸವಾಳದಂಥ ಹೂಗಳಲ್ಲಿ ಕೇಸರಗಳೇ ಎಸಳಾಗಿ ಮಾರ್ಪಟ್ಟಿರುತ್ತವೆ. ಕೇಸರ ಹೋದರೆ ಪರಾಗವೂ ಹೋಯಿತು. ಪರಾಗವೇ ಜೇನುಮರಿಗಳ ಅನ್ನ, ಮಕರಂದ ದೊಡ್ಡವರ ದುಡಿಮೆಗೆ ಬೇಕಾದ ಸಕ್ಕರೆ. ಎಸಳಿನ ಸಂದಣಿಯಲ್ಲಿ ಮಕರಂದ ಅಷ್ಟಿಷ್ಟು ಉಳಿದಿದ್ದರೂ ನಾಲಿಗೆ ಅಲ್ಲಿಗೆ ಮುಟ್ಟುವುದಿಲ್ಲ. ಡೇರೆ, ಸೇವಂತಿಗೆ, ಚೆಂಡುಹೂಗಳ ಕತೆ ತುಸು ಬೇರೆ. ಇವುಗಳಲ್ಲಿ ನಾವು ಒಂದು ಹೂ ಎನ್ನುವುದು ನಿಜವಾಗಿ ನೂರಾರು ಪುಟ್ಟ ಹೂಗಳ ಗುಂಪು. ಅಂಚಿನಲ್ಲಿ ಎಸಳಿನಂತೆ ಕಾಣುವವು ಕರೆಯುವುದಕ್ಕೆ, ನಡುವಿನ ಹಳದಿ ಬಟ್ಟಲಿನಲ್ಲಿರುವವು ಉಣ್ಣಿಸುವುದಕ್ಕೆ. ತಳಿಗಾರರು ನಡುವಿನವನ್ನೂ ಎಸಳಾಗಿಸಿದಾಗ ಹಳದಿ ಬಟ್ಟಲೇ ಮಾಯ. ಕರೆ ಇದೆ, ಊಟವಿಲ್ಲ. ತುಂಬಿದ ಚೆಂಡುಹೂವಿನ ಪಾತಿಯೊಂದರ ಎದುರು ಬಿಸಿಲೇರಿದ ಮೇಲೆ ಕಾಲು ಗಂಟೆ ಕೂತು ನೋಡಿ. ಒಂದೋ ಎರಡೋ ಜೇನು ಬಂದು, ಮೇಲೆ ಸುತ್ತಾಡಿ, ಕೂರದೇ ಹೋಗುತ್ತವೆ. ಪಕ್ಕದಲ್ಲೇ ಎಂಟು ಎಸಳಿನ ಕಾಸ್ಮಸ್ ಇದ್ದರೆ ಅಲ್ಲಿ ಸರದಿ.

ಆದ್ದರಿಂದ ನರ್ಸರಿಯಲ್ಲಿ ಗಿಡ ಆರಿಸುವಾಗ ನೋಡಬೇಕಾದದ್ದು ಒಂದೇ: ಹೂವಿನ ನಡುಭಾಗ ಕಾಣುತ್ತದೆಯೇ? ಕಂಡರೆ ತನ್ನಿ. ಕಾಸ್ಮಸ್, ಒಂದು ಸುತ್ತಿನ ಝಿನಿಯಾ, ಒಂದು ಸುತ್ತಿನ ಡೇರೆ, ಬಿಡಿ ಎಸಳಿನ ಟೇಬಲ್ ರೋಸ್, ಗೈಲಾರ್ಡಿಯಾ. ಸೂರ್ಯಕಾಂತಿಯಲ್ಲಿ ಮಾತ್ರ ಈ ಕಣ್ಣಳತೆ ಸಾಲದು. ಹೂಗುಚ್ಛಕ್ಕೆಂದು ಬೆಳೆಸುವ ಕೆಲವು ತಳಿಗಳಿಗೆ ಪರಾಗವೇ ಇಲ್ಲ, ಮೇಜಿನ ಮೇಲೆ ಹಳದಿ ಪುಡಿ ಉದುರಬಾರದೆಂದು ಹಾಗೆ ಮಾಡಿದ್ದು. ಹೊಲಕ್ಕೆ ಬಿತ್ತುವ ಎಣ್ಣೆ ಸೂರ್ಯಕಾಂತಿಯ ಬೀಜ ತಂದು ಕಾಂಪೌಂಡಿನ ಬದಿ ಊರಿದರೆ ಪರಾಗವೂ ಉಂಟು, ಮಕರಂದವೂ ಉಂಟು, ಕೊನೆಗೆ ಗಿಳಿಗಳಿಗೆ ಬೀಜವೂ ಉಂಟು.

ಏಳು ಸುತ್ತಿನ ಮಲ್ಲಿಗೆ ಕಿತ್ತೆಸೆಯಿರಿ ಎಂದು ನಾನು ಹೇಳುತ್ತಿಲ್ಲ, ಹೇಳಿದರೆ ಮನೆಯಲ್ಲಿ ಕೇಳುವವರೂ ಇಲ್ಲ. ಮಲ್ಲಿಗೆ, ಪಾರಿಜಾತ, ರಾತ್ರಿರಾಣಿ ಮೊದಲೇ ಇರುಳಿನ ಪತಂಗಗಳ ಪಾಲಿನವು. ನಿತ್ಯಪುಷ್ಪ, ಕೇಪುಳ, ಪೆಂಟಾಸ್‌ಗಳ ಉದ್ದ ಕೊಳವೆ ಹೆಚ್ಚಾಗಿ ಚಿಟ್ಟೆಗಳ ನಾಲಿಗೆಗೆ ಹೇಳಿ ಮಾಡಿಸಿದ್ದು. ಬೋಗನ್‌ವಿಲ್ಲಾದ ಬಣ್ಣವೆಲ್ಲ ಎಲೆಯದು, ನಿಜವಾದ ಹೂ ನಡುವೆ ಬಿಳಿಯ ಕಡ್ಡಿಯಷ್ಟು. ಇವೆಲ್ಲ ಇರಲಿ. ಜೇನಿನ ಲೆಕ್ಕಕ್ಕೆ ಮಾತ್ರ ಸೇರಿಸಿಕೊಳ್ಳಬೇಡಿ.

ಕೆಂಪು ಕಾಣದ ಕಣ್ಣು

ಬಣ್ಣದ ವಿಷಯದಲ್ಲೂ ನಮ್ಮ ಕಣ್ಣನ್ನು ನಂಬುವಂತಿಲ್ಲ. ಆಸ್ಟ್ರಿಯಾದ ಕಾರ್ಲ್ ಫಾನ್ ಫ್ರಿಷ್ ನೂರು ವರ್ಷಗಳಿಗೂ ಹಿಂದೆ ಒಂದು ಸರಳ ಪ್ರಯೋಗ ಮಾಡಿದರು. ಮೇಜಿನ ಮೇಲೆ ಬೂದುಬಣ್ಣದ ನಾನಾ ಛಾಯೆಯ ಕಾಗದಗಳ ನಡುವೆ ಒಂದು ನೀಲಿ ಕಾಗದ. ನೀಲಿಯ ಮೇಲೆ ಸಕ್ಕರೆ ನೀರಿಟ್ಟು ಜೇನುಗಳಿಗೆ ರೂಢಿ ಮಾಡಿಸಿದರು. ಆಮೇಲೆ ಸಕ್ಕರೆ ತೆಗೆದು ಕಾಗದಗಳ ಜಾಗ ಬದಲಿಸಿದರೂ ಜೇನುಗಳು ನೀಲಿಯನ್ನೇ ಹುಡುಕಿ ಬಂದವು. ಅಂದರೆ ಅವಕ್ಕೆ ಬಣ್ಣ ಕಾಣುತ್ತದೆ. ಅದೇ ಪ್ರಯೋಗ ಕೆಂಪಿನಲ್ಲಿ ಸೋತಿತು. ಕೆಂಪು ಕಾಗದವನ್ನು ಅವು ಕಪ್ಪು, ಕಡುಬೂದುಗಳ ಜೊತೆ ಗೊಂದಲ ಮಾಡಿಕೊಂಡವು. ಜೇನಿನ ಕುಣಿತದ ಅರ್ಥ ಬಿಡಿಸಿ 1973ರಲ್ಲಿ ನೊಬೆಲ್ ಪಡೆದವರೂ ಇದೇ ಫ್ರಿಷ್.

ಕೆಂಪು ಕಾಣದ ಕಣ್ಣಿಗೆ ನಾವು ಕಾಣಲಾರದ ಅತಿನೇರಳೆ ಕಾಣುತ್ತದೆ. ನಮಗೆ ಒಂದೇ ಹಳದಿಯಾಗಿ ತೋರುವ ಸೂರ್ಯಕಾಂತಿಯ ಎಸಳಿನ ಬುಡ, ತುದಿಗಳು ಜೇನಿಗೆ ಎರಡು ಬಣ್ಣ. ನಡುವೆ ಕಪ್ಪನೆಯ ಗುರಿ, ಸುತ್ತ ಹೊಳೆಯುವ ಬಳೆ. ನೀಲಿ, ನೇರಳೆ, ಹಳದಿ ಹೂಗಳಿಗೆ ಜೇನು ಒಲಿಯುವುದು ಇದರಿಂದ. ಕೆಂಪು ದಾಸವಾಳಕ್ಕೆ ಸೂರಕ್ಕಿ ಬಂದು ತಲೆಕೆಳಗಾಗಿ ನೇತಾಡುತ್ತದೆ, ಜೇನಿಗೆ ಅಲ್ಲಿ ಅಷ್ಟು ಕೆಲಸವಿಲ್ಲ.

ಇನ್ನೊಂದು ಸ್ವಭಾವ ಗಿಡ ನೆಡುವವರಿಗೆ ತಿಳಿದಿರಬೇಕು. ಜೇನು ಒಂದು ಸುತ್ತಿಗೆ ಹೊರಟರೆ ಹೆಚ್ಚಾಗಿ ಒಂದೇ ಜಾತಿಯ ಹೂಗಳಿಗೆ ಹೋಗುತ್ತದೆ, ಕಾಸ್ಮಸ್ ಹಿಡಿದರೆ ಕಾಸ್ಮಸ್. ಗಿಡಗಳ ಪರಾಗಸ್ಪರ್ಶ ನಡೆಯುವುದೇ ಈ ನಿಷ್ಠೆಯಿಂದ. ಹತ್ತು ಕುಂಡಗಳಲ್ಲಿ ಹತ್ತು ಜಾತಿಯ ಒಂದೊಂದು ಗಿಡ ಇಡುವುದಕ್ಕಿಂತ ಮೂರು ಜಾತಿಯನ್ನು ಒತ್ತಾಗಿ ಬೆಳೆಸುವುದು ಮೇಲು. ಗಿಡ ಸಂಗ್ರಹದ ಚಟವಿರುವ ನಮ್ಮಂಥವರಿಗೆ ಇದು ಕಷ್ಟದ ಮಾತು.

ಬರುವವರು ಯಾರು

ಹೂದೋಟದ ಮಾತು ಬಂದಾಗ ಜೇನು ಎಂದರೆ ಪೆಟ್ಟಿಗೆಯ ತುಡುವೆ ಎಂದಷ್ಟೇ ತಿಳಿಯುತ್ತೇವೆ. ಕರ್ನಾಟಕದ ಅಂಗಳಕ್ಕೆ ಬರುವವರ ಬಳಗ ದೊಡ್ಡದು. ತುಡುವೆ ಬೆಳಗಿನ ತಂಪಿನಲ್ಲೇ ಕೆಲಸಕ್ಕೆ ಇಳಿಯುತ್ತದೆ. ಕಾಂಪೌಂಡಿನ ಪೊದೆಯಲ್ಲಿ ಅಂಗೈಯಷ್ಟು ಒಂದೇ ಎರಿ ಕಟ್ಟುವ ಕೋಲುಜೇನು ಬಿಸಿಲು ನಾಡಿನ ಗಟ್ಟಿಗ. ಇರುವೆಯಷ್ಟೇ ದೊಡ್ಡದಾದ ಮುಜಂಟಿಗೆ ಶಿರಸಿ ಕಡೆ ಮಿಸರಿ, ಬೇರೆಡೆ ನಸರು ಎನ್ನುತ್ತಾರೆ. ಅದಕ್ಕೆ ಚುಚ್ಚುವ ಕೊಂಡಿಯಿಲ್ಲ. ಹಳೆ ಮಣ್ಣುಗೋಡೆಯಲ್ಲೋ ವಿದ್ಯುತ್ ಮೀಟರಿನ ಡಬ್ಬಿಯಲ್ಲೋ ಮನೆ ಮಾಡಿ, ಅಂಟಿನಿಂದ ಪುಟ್ಟ ಕೊಳವೆಯ ಬಾಗಿಲು ಇಟ್ಟುಕೊಳ್ಳುತ್ತದೆ. ಮುಜಂಟಿ ಬಹಳ ದೂರ ಹಾರುವುದಿಲ್ಲ, ಕೆಲವು ನೂರು ಮೀಟರಿನೊಳಗೇ ಅದರ ಲೋಕ. ಹಾಗಾಗಿ ನಿಮ್ಮ ಮನೆಯ ಟೇಬಲ್ ರೋಸ್ ಕುಂಡಗಳು ನಿಜವಾಗಿ ಲೆಕ್ಕಕ್ಕೆ ಬರುವುದು ಇದಕ್ಕೆ. ಹೆಜ್ಜೇನು ಹಲವು ಕಿಲೋಮೀಟರ್ ಹಾರಿ ಬರುತ್ತದೆ, ನಾಲ್ಕು ಕುಂಡಗಳಿಂದ ಅದರ ಹೊಟ್ಟೆ ತುಂಬುವುದಿಲ್ಲ.

ಇನ್ನು ಜೇನುತುಪ್ಪ ಮಾಡದ, ಆದ್ದರಿಂದ ನಾವು ಗಮನಿಸದ ಒಂಟಿ ಜೇನುಗಳು. ಇವುಗಳಲ್ಲಿ ನನಗೆ ಬಹಳ ಪ್ರೀತಿ ನೀಲಿಪಟ್ಟೆಯ ಜೇನಿನ ಮೇಲೆ. ಕಪ್ಪು ಹೊಟ್ಟೆಗೆ ಹೊಳೆಯುವ ನೀಲಿ ಗೆರೆಗಳು, ಎದೆಯ ಮೇಲೆ ಕಂದು ತುಪ್ಪಳ. ನಿಲ್ಲುವ ಜಾಯಮಾನವೇ ಇಲ್ಲ, ಒಂದು ಹೂವಿನ ಮುಂದೆ ಝಂಯ್ ಎಂದು ತೇಲಿ ನಿಂತು ಕಣ್ಣು ಮಿಟುಕಿಸುವಷ್ಟರಲ್ಲಿ ಇನ್ನೊಂದಕ್ಕೆ. ಸಂಜೆಯಾದರೆ ಗಂಡುಗಳು ಒಂದು ಒಣಕಡ್ಡಿಗೆ ಸಾಲಾಗಿ ಬಾಯಿಂದ ಕಚ್ಚಿ ಹಿಡಿದು, ಕಾಲು ಬಿಟ್ಟು, ಹಾಗೇ ಮಲಗುತ್ತವೆ. ಇದನ್ನು ನೋಡಲು ಟಾರ್ಚ್ ಹಿಡಿದು ಸದ್ದಿಲ್ಲದೆ ಕಾಮಕಸ್ತೂರಿಯ ಬಳಿ ಹೋಗಬೇಕು. ಮಕ್ಕಳಿಗೆ ತೋರಿಸಿ, ರಾತ್ರಿ ಊಟ ತಣ್ಣಗಾದರೂ ಪರವಾಗಿಲ್ಲ.

ನೀಲಿಪಟ್ಟೆಯದಕ್ಕೆ ಇನ್ನೊಂದು ವಿದ್ಯೆ ಗೊತ್ತು. ಟೊಮೆಟೊ, ಬದನೆ ಹೂಗಳಲ್ಲಿ ಪರಾಗ ಪುಡಿಯಾಗಿ ಹೊರಗೆ ಕೂತಿರುವುದಿಲ್ಲ, ಕೇಸರದ ಚೀಲದೊಳಗಿದ್ದು ತುದಿಯ ಸಣ್ಣ ತೂತಿನಿಂದ ಉದುರಬೇಕು. ಈ ಜೇನು ಹೂವನ್ನು ಅಪ್ಪಿ ಹಿಡಿದು ರೆಕ್ಕೆಯ ಸ್ನಾಯುಗಳನ್ನು ಗುಯ್‌ಗುಡಿಸಿದರೆ ಇಡೀ ಹೂ ಅದುರಿ ಪರಾಗ ಉದುರುತ್ತದೆ. ತುಡುವೆಗೆ ಇದು ಬಾರದು. ದೊಡ್ಡ ಕರಿದುಂಬಿಗೆ ಬರುತ್ತದೆ. ಬಯಲುಸೀಮೆಯ ರಸ್ತೆ ಬದಿಯಲ್ಲಿ ಹಳದಿಯಾಗಿ ಅರಳುವ ಆವರಿಕೆಯ ಮೇಲೆ ದುಂಬಿಗಳ ಸದ್ದು ಕೇಳಿದವರಿಗೆ ಇದು ಹೊಸತೇನಲ್ಲ. ಆವರಿಕೆಯನ್ನು ನಾವು ಯಾಕೆ ಅಲಂಕಾರದ ಗಿಡವಾಗಿ ಬೆಳೆಸುವುದಿಲ್ಲವೋ ನನಗೆ ಅರ್ಥವಾಗಿಲ್ಲ. ನೀರು ಕೇಳುವುದಿಲ್ಲ, ಹೂವಿಗೆ ಬರವಿಲ್ಲ, ಬೇಲಿಗೆ ಒಪ್ಪುತ್ತದೆ. ಬಹುಶಃ ಬಿಟ್ಟಿ ಸಿಗುವುದೇ ಅದರ ದೋಷ.

ಕರಿದುಂಬಿಯ ಇನ್ನೊಂದು ಮೆಚ್ಚಿನ ಗಿಡ ಶಂಖಪುಷ್ಪ. ಈ ಹೂ ತನ್ನ ಬಂಧುಗಳಾದ ಅವರೆ ತೊಗರಿಗಳಿಗೆ ತಲೆಕೆಳಗು. ಒಳನುಗ್ಗುವ ಜೇನಿನ ಬೆನ್ನಿಗೆ ಪರಾಗ ಹತ್ತುತ್ತದೆ. ಎಸಳನ್ನು ಒತ್ತಿ ಒಳಹೋಗಲು ತೂಕವೂ ಬಲವೂ ಬೇಕು, ದುಂಬಿಗೆ ಅವೆರಡೂ ಇವೆ. ಈ ಬಳಗದಲ್ಲೇ ಇರುಳು ಹೊತ್ತು ದುಡಿಯುವ ದುಂಬಿಯೊಂದಿದೆ. ಮಹಾರಾಷ್ಟ್ರದ ಭೀಮಾಶಂಕರದ ಕಾಡಿನಲ್ಲಿ ಹೇಮಾ ಸೋಮನಾಥನ್, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆನೀ ಬೋರ್ಜಸ್ ಮತ್ತು ಸಂಗಡಿಗರು ಅದನ್ನು ಅಧ್ಯಯನ ಮಾಡಿ, ಬರೀ ನಕ್ಷತ್ರಗಳ ಬೆಳಕಿನಲ್ಲೂ ಅದಕ್ಕೆ ಬಣ್ಣ ತಿಳಿಯುತ್ತದೆ ಎಂದು ತೋರಿಸಿದ್ದಾರೆ.

ತುಳಸಿಯ ತೆನೆ ಮುರಿಯುವ ಮುನ್ನ

ಒಂಟಿ ಜೇನುಗಳಿಗೆ, ತುಡುವೆಗೆ, ಕೋಲುಜೇನಿಗೆ, ಎಲ್ಲಕ್ಕೂ ಒಪ್ಪುವ ಒಂದೇ ಮನೆತನ ಹೇಳಿ ಎಂದರೆ ನಾನು ತುಳಸಿಯ ಮನೆತನ ಎನ್ನುತ್ತೇನೆ. ತುಳಸಿ, ಕಾಮಕಸ್ತೂರಿ, ತುಂಬೆ, ದೊಡ್ಡಪತ್ರೆ, ಬಣ್ಣದೆಲೆಯ ಕೋಲಿಯಸ್, ನರ್ಸರಿಯ ಸಾಲ್ವಿಯಾ ಎಲ್ಲ ದಾಯಾದಿಗಳು. ತುಟಿ ಚಾಚಿದಂಥ ಪುಟ್ಟ ಹೂ, ಕೂರಲು ಕೆಳತುಟಿಯ ಜಗಲಿ, ಬುಡದಲ್ಲಿ ಮಕರಂದ. ಒಂದು ತೆನೆಯಲ್ಲಿ ಕೆಳಗಿನಿಂದ ಮೇಲಕ್ಕೆ ದಿನವೂ ಒಂದಿಷ್ಟು ಅರಳುವುದರಿಂದ ಊಟ ವಾರಗಟ್ಟಲೆ ಮುಗಿಯುವುದಿಲ್ಲ.

ಆದರೆ ಅಂಗಳದ ಹಿರಿಯರಿಗೂ ಜೇನಿಗೂ ಇಲ್ಲೊಂದು ತಕರಾರು. ತುಳಸಿ ತೆನೆ ಬಿಟ್ಟಿತೆಂದರೆ ಕೈ ಸುಮ್ಮನಿರುವುದಿಲ್ಲ, ಚಿವುಟಿ ಹಾಕುತ್ತಾರೆ. ತೆನೆ ಬಲಿತರೆ ಗಿಡ ಮುಪ್ಪಾಗುತ್ತದೆ ಎಂಬುದು ನಿಜವೇ, ಬೀಜ ಕಟ್ಟಿದ ಮೇಲೆ ಎಲೆಯ ಹುರುಪು ಇಳಿಯುತ್ತದೆ. ಕೋಲಿಯಸ್ಸಿಗೂ ಇದೇ ಗತಿ. ಎಲೆಯ ಬಣ್ಣ ಕೆಡುತ್ತದೆಂದು ಅದರ ನೀಲಿ ಹೂವಿನ ಕಡ್ಡಿಯನ್ನು ಕಂಡಕೂಡಲೇ ಮುರಿಯುತ್ತಾರೆ, ನೀಲಿಪಟ್ಟೆಯ ಜೇನು ಅದನ್ನೇ ಕಾಯುತ್ತಿರುತ್ತದೆ. ಹೊಂದಾಣಿಕೆ ಕಷ್ಟವೇನಲ್ಲ. ಕಟ್ಟೆಯ ತುಳಸಿ ಪೂಜೆಗಿರಲಿ, ಚಿವುಟಿಕೊಳ್ಳಲಿ. ಉದುರಿದ ಬೀಜದಿಂದ ಹುಟ್ಟಿದ ನಾಲ್ಕು ಸಸಿಯನ್ನು ಹಿತ್ತಿಲಲ್ಲಿ ನೆಟ್ಟು ಹೂ ಬಿಡಲು ಬಿಡಿ. ತೆನೆ ಕಂದು ತಿರುಗಿದ ಮೇಲೆ ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ಬೀಜಕ್ಕೆ ದುಡ್ಡಿಲ್ಲ, ಕುಂಡಕ್ಕೆ ಹಳೆಯ ಎಣ್ಣೆ ಡಬ್ಬಿ ಆದೀತು.

ತುಂಬೆಯ ಅವಸ್ಥೆ ಇನ್ನೂ ಶೋಚನೀಯ. ಶಿವನಿಗೆ ಬೇಕು ಎನ್ನುತ್ತೇವೆ, ಅಂಗಳದಲ್ಲಿ ಹುಟ್ಟಿದರೆ ಕಳೆ ಎಂದು ಕಿತ್ತು ಬಿಸಾಡುತ್ತೇವೆ. ಮಳೆ ಇಳಿಯುವ ಹೊತ್ತಿಗೆ ಬಿಳಿಯ ಹೂ ತಳೆದು ನಿಲ್ಲುವ ಒಂದು ಮಾರು ತುಂಬೆ, ಕೊಂಡು ತಂದ ಯಾವ ಹೂವಿಗೂ ಕಡಿಮೆಯಿಲ್ಲ. ಪಾತಿಯ ಅಂಚಿಗೆ ಸಾಲು ಹಿಡಿಸಿ, ಎರಡು ಇಟ್ಟಿಗೆ ಅಡ್ಡ ಇಟ್ಟರೆ ನೋಡುವವರಿಗೂ ಇದು ಬೇಕೆಂದೇ ಬೆಳೆಸಿದ್ದು ಎಂದು ತಿಳಿಯುತ್ತದೆ. ಬೇಲಿಯ ನೇರಳೆ ಗೋರಟೆಯೂ ಅಷ್ಟೇ. ಚಳಿ ಶುರುವಾಗುವಾಗ ಅರಳುತ್ತದೆ, ಹೇಳದೆ ಕೇಳದೆ ಬೆಳೆಯುತ್ತದೆ, ಜೇನುಗಳಿಗೆ ಹಬ್ಬ.

ಮಳೆಗಾಲದ ಹಸಿವು

ನಮ್ಮ ನಾಡಿನಲ್ಲಿ ಜೇನಿಗೆ ಕಷ್ಟದ ಕಾಲ ಯಾವುದು? ಬೇಸಿಗೆ ಎಂದುಕೊಳ್ಳುತ್ತೇವೆ. ಹಾಗಿಲ್ಲ. ಫೆಬ್ರವರಿಯಿಂದ ಮೇ ತನಕ ಮರಗಳು ಹೂ ಬಿಡುವ ಕಾಲ. ಕೊಡಗಿನಲ್ಲಿ ಕಾಫಿ ಅರಳುತ್ತದೆ, ಬಯಲಿನಲ್ಲಿ ಹೊಂಗೆ, ಮಲೆನಾಡಿನಲ್ಲಿ ನೇರಳೆ. ಪುತ್ತೂರು ಸುಳ್ಯದ ಕಡೆ ರಬ್ಬರಿನ ಎಳೆ ಎಲೆಗಳ ಬುಡದಲ್ಲಿ ಒಸರುವ ಸಿಹಿಯನ್ನೇ ಜೇನುಗಳು ತುಂಬಿಕೊಳ್ಳುತ್ತವೆ. ಹಸಿವು ಬರುವುದು ಜೂನ್ ನಂತರ. ಮಳೆ ಹಿಡಿದರೆ ಹೊರಗೆ ಹಾರಲಾಗದು, ಬಿಡುವು ಸಿಕ್ಕಿ ಹಾರಿದರೂ ಅರಳಿದ ಹೂವಿನ ಮಕರಂದ ತೊಳೆದು ಹೋಗಿರುತ್ತದೆ. ಮಲೆನಾಡಿನ ಜೇನು ಕೃಷಿಕರು ಈ ತಿಂಗಳುಗಳಲ್ಲಿ ಪೆಟ್ಟಿಗೆಗೆ ಸಕ್ಕರೆ ಪಾಕ ಇಡುತ್ತಾರೆ. ಪಾಕ ಇಡುವವರಿಲ್ಲದ ಮುಜಂಟಿ, ಒಂಟಿ ಜೇನುಗಳ ಪಾಡೇನು?

ಮನೆಯಂಗಳದ ಹೂ ಬೆಲೆಬಾಳುವುದು ಆಗ. ಮಲೆನಾಡಿನ ಅಂಗಳದಲ್ಲಿ ಡೇರೆ ಅರಳುವುದೇ ಜಡಿಮಳೆಯ ನಡುವೆ, ಒಂದು ಸುತ್ತಿನದಾದರೆ ಮಳೆ ಹೊಳವಾದ ಅರ್ಧ ಗಂಟೆಯಲ್ಲೇ ಜೇನು ಹಾಜರು. ಕರ್ಣಕುಂಡಲದ ಹೂ ಬಾಗಿ ನಿಲ್ಲುತ್ತದೆ, ಮಕರಂದ ಹಿಂದಿನ ಬಾಲದಂಥ ಕೊಕ್ಕೆಯೊಳಗೆ ಭದ್ರ. ಮಳೆಹನಿಗೆ ಸಿಗುವುದಿಲ್ಲ. ಕರ್ಣಕುಂಡಲದಲ್ಲೂ ಗುಲಾಬಿಯಂಥ ಸುತ್ತಿನ ತಳಿಗಳಿವೆ, ಅವು ಬೇಡ. ಜೊತೆಗೆ ಶಂಖಪುಷ್ಪದ ಬಳ್ಳಿ, ಸೂರಿನಡಿ ಒಂದೆರಡು ಕಾಮಕಸ್ತೂರಿ ಕುಂಡ. ಮಳೆ ಬೀಳದ ಜಾಗದಲ್ಲಿ ಅರಳಿದ ಹೂವಿಗೆ ಈ ತಿಂಗಳುಗಳಲ್ಲಿ ಬೆಲೆ ಹೆಚ್ಚು. ಕರಾವಳಿಯವರಿಗೆ ಒಂದು ಸಮಾಧಾನವಿದೆ, ತೆಂಗು ಹೆಚ್ಚುಕಡಿಮೆ ತಿಂಗಳಿಗೊಂದು ಹೊಂಬಾಳೆ ಬಿಚ್ಚುವುದರಿಂದ ಪರಾಗಕ್ಕೆ ವರ್ಷವಿಡೀ ಅಷ್ಟೊಂದು ಬರವಿಲ್ಲ.

ಬೆಂಗಳೂರಿಗೆ ವರ್ಷವಿಡೀ ಹೂವಿನ ಯೋಚನೆ ಹೊಸದಲ್ಲ. 1908ರಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತ ಜರ್ಮನಿಯ ಜಿ.ಎಚ್. ಕೃಂಬಿಗಲ್ ಒಂದು ಜಾತಿಯ ಮರ ಹೂ ಮುಗಿಸುವಾಗ ಇನ್ನೊಂದು ಶುರುಮಾಡುವಂತೆ ರಸ್ತೆಗಳಿಗೆ ಮರಗಳನ್ನು ಆರಿಸಿದರು. ಅವರ ಕಣ್ಣಿದ್ದದ್ದು ನಗರದ ಚೆಲುವಿನ ಮೇಲೆ. ಅದೇ ಲೆಕ್ಕವನ್ನು ಹತ್ತು ಕುಂಡಗಳ ಟೆರೇಸಿಗೆ ಇಳಿಸಬಹುದು, ಕಣ್ಣನ್ನು ಜೇನಿನ ಹೊಟ್ಟೆಯ ಮೇಲಿಟ್ಟು. ಬೇಸಿಗೆಗೆ ಟೇಬಲ್ ರೋಸ್, ಟರ್ನೆರಾ. ಮಳೆಗೆ ಮೇಲೆ ಹೇಳಿದವು. ಮಳೆ ಕಳೆದ ಮೇಲೆ ಕಾಸ್ಮಸ್, ತುಂಬೆ, ಝಿನಿಯಾ. ಚಳಿಗೆ ಗೋರಟೆ, ಸೂರ್ಯಕಾಂತಿ. ತುಳಸಿ ಎಲ್ಲ ಕಾಲಕ್ಕೂ.

ಬಿಸಿಲು ನಾಡಿನ ಹೂಗಳಿಗೆ ಹೊತ್ತುಗೊತ್ತಿನ ಶಿಸ್ತೂ ಇದೆ. ಟೇಬಲ್ ರೋಸ್ ಬಿಸಿಲೇರಿದ ಮೇಲೆ ಅರಳಿ ಮಧ್ಯಾಹ್ನ ಕಳೆಯುತ್ತಲೇ ಮುದುಡುತ್ತದೆ, ಮೋಡವಿದ್ದರೆ ಅರಳುವುದೇ ಇಲ್ಲ. ಟರ್ನೆರಾ ಹೊತ್ತೇರುವ ಮೊದಲೇ ಬಾಗಿಲು ತೆರೆದು ನಡುಹಗಲಿಗೆ ಮುಚ್ಚುತ್ತದೆ. ಸಂಜೆ ನೀರು ಹಾಕುವಾಗ ಮಾತ್ರ ಗಿಡ ನೋಡುವ ಕಚೇರಿ ನೌಕರರು ‘ನಮ್ಮನೆಗೆ ಜೇನೇ ಬರಲ್ಲ’ ಎನ್ನುವುದು ಇದಕ್ಕೇ. ಭಾನುವಾರ ಹತ್ತು ಗಂಟೆಗೆ ಪೇಪರ್ ಹಿಡಿದು ಕುಂಡಗಳ ಪಕ್ಕ ಕೂತರೆ ಗೊತ್ತಾದೀತು.

ನೀರನ್ನೂ ಮರೆಯಬಾರದು. ಗೂಡಿನ ಮರಿಗಳಿರುವ ಭಾಗವನ್ನು ಜೇನುಗಳು 35 ಡಿಗ್ರಿಯ ಆಸುಪಾಸಿನಲ್ಲೇ ಇಡಬೇಕು. ಹೊರಗೆ 40 ಆದರೆ ನೀರು ತಂದು ಎರಿಯ ಮೇಲೆ ಹನಿಸಿ ರೆಕ್ಕೆ ಬೀಸಿ ತಂಪು ಮಾಡುತ್ತವೆ. ಅಗಲ ಮಣ್ಣಿನ ತಟ್ಟೆಗೆ ಜಲ್ಲಿಕಲ್ಲು ತುಂಬಿ ಕಲ್ಲಿನ ತಲೆ ಮುಳುಗದಷ್ಟು ನೀರು ಹಾಕಿಡಿ. ಆಳದ ಬಕೆಟ್ಟಿನಲ್ಲಿ ಅವು ಮುಳುಗಿ ಸಾಯುತ್ತವೆ. ಹೊಳೆಯುವ ಶುದ್ಧ ನೀರಿಗಿಂತ ಪಾಚಿ ಹಿಡಿದ ತಟ್ಟೆಯೇ ಅವಕ್ಕೆ ಇಷ್ಟ. ಸೊಳ್ಳೆಯಾಗದಂತೆ ಎರಡು ದಿನಕ್ಕೊಮ್ಮೆ ನೀರು ಚೆಲ್ಲಿದರಾಯಿತು.

ಹೂವಿನೊಳಗಿನ ವಿಷ

ಮೊದಲಿಗೆ ಹೇಳಿದ ಪುಟ್ಟ ಬಾಟಲಿಯ ವಿಷಯ. ಅದರ ಮೇಲೆ ಇಮಿಡಾಕ್ಲೋಪ್ರಿಡ್ ಎಂದಿದ್ದರೆ ಇಷ್ಟು ತಿಳಿದಿರಲಿ: ಇದು ಎಲೆಯ ಮೇಲೆ ಕೂತು ತೊಳೆದುಹೋಗುವ ವಿಷವಲ್ಲ. ಬೇರಿನಿಂದಲೋ ಎಲೆಯಿಂದಲೋ ಒಳಗಿಳಿದು ಗಿಡದ ರಸದಲ್ಲಿ ಸೇರಿ ಕಡೆಗೆ ಪರಾಗ, ಮಕರಂದಗಳಲ್ಲೂ ಕಾಣಿಸಿಕೊಳ್ಳುತ್ತದೆ. ಸ್ವಲ್ಪವೇ ಆದರೂ ಜೇನಿಗೆ ದಾರಿ ತಪ್ಪಿಸುವಷ್ಟು ಶಕ್ತಿ ಅದಕ್ಕಿದೆ. ಐರೋಪ್ಯ ಒಕ್ಕೂಟ 2018ರಲ್ಲಿ ಈ ಬಳಗದ ಮೂರು ವಿಷಗಳನ್ನು ಬಯಲಿನ ಬೆಳೆಗಳಿಗೆ ಬಳಸದಂತೆ ನಿಷೇಧಿಸಿತು. ನಮ್ಮಲ್ಲಿ ಗೊಬ್ಬರದ ಅಂಗಡಿಯಲ್ಲಿ ಕೇಳಿದರೆ ಸಿಗುತ್ತದೆ. ಹೂವಿನ ಗಿಡಕ್ಕೆ ಹೇನು ಹತ್ತಿದರೆ ಪೈಪಿನ ನೀರಿನ ರಭಸ ಸಾಕು. ಹೋಗದಿದ್ದರೆ ಬೇವಿನೆಣ್ಣೆ, ಅದೂ ಜೇನುಗಳು ಮನೆ ಸೇರಿದ ಸಂಜೆಯ ಮೇಲೆ. ನರ್ಸರಿಯಿಂದ ತಂದ ಗಿಡಕ್ಕೆ ಅಲ್ಲಿ ಏನು ಹೊಡೆದಿದ್ದಾರೋ ತಿಳಿಯದು, ಮೊದಲ ಸಲ ಬಂದ ಹೂಗಳನ್ನು ಚಿವುಟಿ ಹಾಕಿಬಿಡುವುದು ಕ್ಷೇಮ.

ಜೇನಿಗೆ ಒಳ್ಳೆಯದೆಂಬ ಒಂದೇ ಕಾರಣಕ್ಕೆ ಏನನ್ನಾದರೂ ನೆಡುವುದೂ ಬೇಡ. ಗುಲಾಬಿ ಬಣ್ಣದ ಗೊಂಚಲಿನ ಆಂಟಿಗೊನಾನ್ ಬಳ್ಳಿಗೆ ತುಡುವೆ, ಕೋಲುಜೇನು ಮುತ್ತಿಕೊಳ್ಳುತ್ತವೆ, ನೋಡಲೂ ಚೆಂದ. ಮೆಕ್ಸಿಕೋದಿಂದ ಬಂದ ಈ ಬಳ್ಳಿ ಮಣ್ಣಿನಡಿ ಗೆಡ್ಡೆ ಇಳಿಸಿಕೊಂಡರೆ ಕಡಿದಷ್ಟೂ ಚಿಗುರುತ್ತದೆ. ಪೇಟೆಯ ಕಬ್ಬಿಣದ ಗೇಟಿನ ಮೇಲೆ ಸರಿ, ಕಾಡಿನಂಚಿನ ಮನೆಗೆ ಬೇಡವೇ ಬೇಡ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲಂಕಾರಕ್ಕೆಂದು ತಂದ ಲಂಟಾನ ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟಗಳಲ್ಲಿ ಏನು ಮಾಡಿದೆ ಎಂದು ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ. ಇನ್ನು ನೀರುಕಾಯಿ ಮರದ ಕೇಸರಿ ಹೂವಿನೊಳಗೆ ಮುಜಂಟಿಯ ಬಳಗದ ಜೇನುಗಳು ಸತ್ತುಬಿದ್ದಿರುವುದನ್ನು ಬ್ರೆಜಿಲ್‌ನ ಸಂಶೋಧಕರು ದಾಖಲಿಸಿದ್ದಾರೆ. ಮನೆಯ ಮುಂದೆ ಮರವನ್ನೇ ನೆಡುವುದಾದರೆ ಹೊಂಗೆ ಇದೆಯಲ್ಲ.

‘ಅಕ್ಕಾ, ನಿಮ್ಮ ಹೂವಿಗೆ ಜೇನು ಮುತ್ತಿರತ್ತೆ, ಮಕ್ಕಳಿಗೆ ಕಚ್ಚಲ್ವಾ?’ ಎಂದು ಕೇಳುವ ನೆರೆಯವರು ಎಲ್ಲ ಬೀದಿಯಲ್ಲೂ ಇದ್ದಾರೆ. ಹೂವಿನ ಮೇಲಿರುವ ಜೇನು ದುಡಿಮೆಯಲ್ಲಿರುತ್ತದೆ, ಕೈಯಲ್ಲಿ ಹಿಡಿಯದಿದ್ದರೆ, ಕಾಲಡಿ ಸಿಕ್ಕಿಸದಿದ್ದರೆ ಚುಚ್ಚುವ ಗೋಜಿಗೆ ಹೋಗುವುದಿಲ್ಲ. ಅಪಾಯ ಇರುವುದು ಗೂಡಿನ ಬಳಿ, ಅದರಲ್ಲೂ ಹೆಜ್ಜೇನಿನ ಗೂಡಿನ ಬಳಿ. ನಿಮ್ಮ ಕುಂಡದ ಹೂ ನೋಡಿ ಹೆಜ್ಜೇನು ಕಟ್ಟಡಕ್ಕೆ ಬಂದು ಎರಿ ಕಟ್ಟುವುದಿಲ್ಲ, ಅದು ನೋಡುವುದು ಎತ್ತರ ಮತ್ತು ನೆಮ್ಮದಿ. ಹೊಸಕೋಟೆ ತಾಲ್ಲೂಕಿನ ರಾಮಗೋವಿಂದಪುರದಲ್ಲಿ ಒಂದೇ ಆಲದ ಮರಕ್ಕೆ ಹೆಜ್ಜೇನುಗಳು ನೂರಾರು ಗೂಡು ಕಟ್ಟುತ್ತವೆ, ಅಡಿಯಲ್ಲಿ ಯಾರೂ ಹೂದೋಟ ಮಾಡಿಲ್ಲ. ಅಪಾರ್ಟ್‌ಮೆಂಟಿನ ಸಭೆಗಳಲ್ಲಿ ಈ ಮಾತು ಹೇಳಿ ನೋಡಿ. ಜೇನು ಕಡಿತದ ಅಲರ್ಜಿ ಇರುವವರು ಮನೆಯಲ್ಲಿದ್ದರೆ ಮಾತ್ರ ಹೂಗುಂಪನ್ನು ಓಡಾಡುವ ದಾರಿಯಿಂದ ದೂರ ಇಡಬೇಕು.

ಗೂಡಿಗೆ ಜಾಗ ಕೊಡುವುದು ಹೂ ಬೆಳೆಸಿದಷ್ಟೇ ಮುಖ್ಯ, ದುಡ್ಡು ಬೇಡದ ಕೆಲಸವೂ ಹೌದು. ಒಂಟಿ ಜೇನುಗಳಲ್ಲಿ ಹೆಚ್ಚಿನವು ಬರಿಮಣ್ಣಿನಲ್ಲಿ ಬಿಲ ತೋಡುತ್ತವೆ. ಅಂಗಳವನ್ನೆಲ್ಲ ಇಂಟರ್‌ಲಾಕ್ ಕಲ್ಲಿನಿಂದ ಮುಚ್ಚಿದ ಮೇಲೆ ಅವು ಎಲ್ಲಿಗೆ ಹೋಗಬೇಕು? ಬಿಸಿಲು ಬೀಳುವ ಒಂದು ಮೂಲೆಯನ್ನು ಗುಡಿಸದೆ, ಅಗೆಯದೆ, ಹಾಗೇ ಬಿಡಿ. ಬಿದಿರಿನ ಒಣತುಂಡುಗಳನ್ನು ಕಟ್ಟಿ ಸೂರಿನಡಿ ಅಡ್ಡಲಾಗಿ ತೂಗುಹಾಕಿದರೆ ಎಲೆಕತ್ತರಿ ಜೇನುಗಳು ಹುಡುಕಿಕೊಂಡು ಬರುತ್ತವೆ.

ಇಷ್ಟೆಲ್ಲ ಗಿಡ ಎಲ್ಲಿ ಸಿಗುತ್ತದೆ? ಒಂದು ಸುತ್ತಿನ ಹೂಗಳನ್ನು ನರ್ಸರಿಗಳು ಇಡುವುದೇ ಅಪರೂಪ, ಕೇಳಿದರೆ ‘ಅದು ಕಾಡು ಜಾತಿ ಮೇಡಂ’ ಎನ್ನುತ್ತಾರೆ. ಇವು ಇರುವುದು ಮನೆಗಳಲ್ಲಿ. ಶಿರಸಿಯ ವನಸ್ತ್ರೀ ಸಂಸ್ಥೆಯ ಹೆಂಗಸರು ಎರಡು ದಶಕಗಳಿಂದ ಹಿತ್ತಿಲಿನ ಬೀಜ, ಗೆಡ್ಡೆಗಳನ್ನು ಉಳಿಸಿ ಹಂಚುತ್ತ ಬಂದಿದ್ದಾರೆ. ಅವರ ಮಲೆನಾಡ ಮೇಳದಲ್ಲಿ ಕಾಗದದ ಪೊಟ್ಟಣಗಳಲ್ಲಿ ಬೀಜ ಸಿಗುತ್ತದೆ. ಮೇಳಕ್ಕೆ ಹೋಗಲಾಗದವರು ನೆಂಟರ ಮನೆಗೆ ಹೋದಾಗ ಅಂಗಳ ನೋಡಿ. ಕಾಸ್ಮಸ್, ಕರ್ಣಕುಂಡಲಗಳ ಒಣಬೀಜ ಒಂದು ಹಿಡಿ ಉದುರಿಸಿಕೊಂಡರೆ ಯಾರೂ ಬೇಡ ಎನ್ನುವುದಿಲ್ಲ. ಕದ್ದು ತಂದ ಗಿಡವೇ ಚೆನ್ನಾಗಿ ಬದುಕುತ್ತದೆ ಎಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ, ಆ ಬಗ್ಗೆ ನಾನೇನೂ ಹೇಳುವುದಿಲ್ಲ. ಡೇರೆ ಗೆಡ್ಡೆಯನ್ನು ಮಾತ್ರ ಕೇಳಿಯೇ ತನ್ನಿ. ಕೇಳುವಾಗ ‘ಒಂದು ಸುತ್ತಿನದೇ ಕೊಡಿ ಅತ್ತೆ, ನಡುವೆ ಹಳದಿ ಕಾಣತ್ತಲ್ಲ ಅದು’ ಎಂದು ಎರಡೆರಡು ಸಲ ಹೇಳಿ. ಇಲ್ಲದಿದ್ದರೆ ಅವರು ಪ್ರೀತಿಯಿಂದ ಅಂಗಳದ ಅತಿ ದೊಡ್ಡ, ಅತಿ ದಪ್ಪ ಚೆಂಡಿನ ಡೇರೆಯನ್ನೇ ಅಗೆದು, ಹಾಳೆಯಲ್ಲಿ ಸುತ್ತಿ ಕೊಡುತ್ತಾರೆ.